ಎರಡರಲ್ಲೂ ಮುಂದಿದ್ದರೂ ಕೊಳ್ಳೋದು ಯಾಕೆ?

ಡೇವಿಡ್ ರಿಕಾರ್ಡೊ 1817ರಲ್ಲಿ ಕೊಟ್ಟ ಲೆಕ್ಕ ಇದು. ಒಂದಿಷ್ಟು ಬಟ್ಟೆ ತಯಾರಿಸಲು ಇಂಗ್ಲೆಂಡಿಗೆ ವರ್ಷಕ್ಕೆ 100 ಜನ ಬೇಕು, ಒಂದಿಷ್ಟು ವೈನ್‌ಗೆ 120. ಅಷ್ಟೇ ಬಟ್ಟೆಗೆ ಪೋರ್ಚುಗಲ್‌ಗೆ 90, ವೈನ್‌ಗೆ 80 ಸಾಕು. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಇದು ನಿರಪೇಕ್ಷ ಅನುಕೂಲ.

ಹಾಗಿದ್ರೆ ಅದು ಇಂಗ್ಲೆಂಡಿನ ಬಟ್ಟೆ ಯಾಕೆ ಕೊಳ್ಳಬೇಕು? ಆ ವೈನ್ ಕೊಟ್ಟು ಈ ಬಟ್ಟೆ ತಗೊಂಡರೆ, ಪೋರ್ಚುಗಲ್‌ಗೆ 90 ಜನರ ಕೆಲಸ 80 ಜನರಲ್ಲೇ ಮುಗೀತು. ಇಂಗ್ಲೆಂಡಿಗೂ 120 ಜನರ ವೈನ್ 100 ಜನರ ಶ್ರಮಕ್ಕೇ ಸಿಕ್ತು. ಇದೇ ತುಲನಾತ್ಮಕ ಅನುಕೂಲ. (ನಮ್ಮ ಪ್ರಾಜೆಕ್ಟ್ ಟೀಮಿನಲ್ಲಿ ಕೋಡಿಂಗ್, ರಿಪೋರ್ಟ್ ಎರಡೂ ಚೆನ್ನಾಗಿ ಬರುವವರು ರಿಪೋರ್ಟನ್ನು ಬೇರೆಯವರಿಗೆ ಬಿಡೋದೂ ಇದಕ್ಕೇ. ಸೋಮಾರಿಗಳು ಅಂತ ಬೈಬೇಡಿ.)

ಲೆಕ್ಕ ಸರಿಯಾಗಿದೆ. ಆದರೆ ಪೋರ್ಚುಗಲ್‌ನ ಆ 90 ಜನ ಏನಾದ್ರು? ಅವರು ಮಗ್ಗ ಬಿಟ್ಟು ದ್ರಾಕ್ಷಿ ತೋಟಕ್ಕೆ ಹೋಗಿ ಸಲೀಸಾಗಿ ಹೊಂದಿಕೊಳ್ತಾರೆ ಅಂತ ಇಲ್ಲಿ ಮೊದಲೇ ಒಪ್ಪಿಕೊಂಡಾಗಿದೆ. ನೇಯೋದು ಬಿಟ್ಟು ಬೇರೇನೂ ಬಾರದ ನಲವತ್ತು ವರ್ಷದವನಿಗೆ ಅದು ಅಷ್ಟು ಸುಲಭ ಅಂತ ನಮಗಂತೂ ಅನ್ನಿಸಲ್ಲ. ಪರೀಕ್ಷೆಯಲ್ಲಿ ಊಹೆಗಳನ್ನು ಬರೆಯಿರಿ ಅಂದಾಗ ಇದನ್ನೇ ನಾವು "ಶ್ರಮವು ದೇಶದೊಳಗೆ ಮುಕ್ತವಾಗಿ ಚಲಿಸುತ್ತದೆ" ಅಂತ ಒಂದೇ ಸಾಲಲ್ಲಿ ಬರೆದು ಬರ್ತೀವಿ.