ಹಬೆಗೆ ದಾರಿ ಬೇಕು

ಅಕ್ಕಂದಿರೇ, ಒಲೆಯ ಮೇಲೆ ಗಂಜಿ ಕುದಿಯುವಾಗ ಎಂತ ಆಗುತ್ತದೆ? ಮುಚ್ಚಳ ಟಕ ಟಕ ಎಂದು ಕುಣಿಯುತ್ತದೆ. ಅದನ್ನು ಎತ್ತುವವರು ಯಾರು? ಕೈ ಇಲ್ಲ, ಕೋಲು ಇಲ್ಲ. ಎತ್ತುವುದು ಹಬೆ.

ಈ ಹಬೆಯನ್ನು ನಾವು ದಿನವೂ ನೋಡುತ್ತೇವೆ. ಪುಂಡಿ ಬೇಯಿಸುವುದು ಇದರಲ್ಲೇ. ಇಡ್ಲಿ ಬೇಯಿಸುವುದೂ ಇದರಲ್ಲೇ. ಆದರೆ ಇದೇ ಹಬೆ ರೈಲನ್ನು ಎಳೆದದ್ದು ಎಂದು ನಾವು ಯೋಚಿಸಿರಲಿಲ್ಲ.

ನಾವು ಬಿಕರ್ನಕಟ್ಟೆಯ ಹೆಂಗಸರು. ಕೆಲವರು ಬೀಡಿ ಕಟ್ಟುತ್ತೇವೆ. ಕೆಲವರು ಮನೆಗೆಲಸಕ್ಕೆ ಹೋಗುತ್ತೇವೆ. ಸಂಜೆ ಒಟ್ಟು ಸೇರಿ ಓದು ಬರಹ ಕಲಿಯುತ್ತೇವೆ. ಒಂದು ದಿನ ಟೀಚರ್ ಹೇಳಿದರು, "ನಮ್ಮಲ್ಲಿ ಹವ್ಯಾಸ ಪ್ರದರ್ಶನ ಉಂಟು. ನೀವು ಎಂತ ಮಾಡುತ್ತೀರಿ?"

"ಹೊಲಿಗೆ", "ಕಸೂತಿ", "ಮಣಿಯ ಚೀಲ" ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಆಗ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಅಜ್ಜಿ ಕೇಳಿದರು, "ಎಂಜಿನ್ ಮಾಡಲಿಕ್ಕೆ ಆಗುತ್ತದಾ?"

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. "ಚಿಕ್ಕವಳಿರುವಾಗ ಜಾತ್ರೆಯಲ್ಲಿ ತಗಡಿನ ದೋಣಿ ನೋಡಿದ್ದೆ. ಒಳಗೆ ಸಣ್ಣ ದೀಪ. ಪಟ ಪಟ ಎಂದು ನೀರಲ್ಲಿ ಓಡುತ್ತಿತ್ತು. ಅಪ್ಪ ತೆಗೆದುಕೊಡಲಿಲ್ಲ. ಅದು ಹೇಗೆ ಓಡುತ್ತದೆ ಎಂದು ಇವತ್ತಿಗೂ ಗೊತ್ತಿಲ್ಲ."

ನಮಗೂ ಗೊತ್ತಿರಲಿಲ್ಲ. ಹಾಗಾದರೆ ಅದನ್ನೇ ಮಾಡೋಣ ಎಂದೆವು.

ಎಂಜಿನ್ ಅಂದರೆ ಎಂತ?

ಬೆಂಕಿಯ ಶಾಖದಿಂದ ಬಲ ಸಿಗುತ್ತದೆ. ಆ ಬಲವನ್ನು ಕೆಲಸಕ್ಕೆ ತಿರುಗಿಸುವ ಯಂತ್ರವೇ ಎಂಜಿನ್.

ನೀರು ಕುದಿದರೆ ಹಬೆ ಆಗುತ್ತದೆ. ಒಂದು ಲೋಟ ನೀರು ಪೂರ್ತಿ ಹಬೆಯಾದರೆ ಅದಕ್ಕೆ ಸುಮಾರು 1,600 ಲೋಟದಷ್ಟು ಜಾಗ ಬೇಕು. ಅಷ್ಟು ಜಾಗ ಎಲ್ಲಿಂದ ಬರಬೇಕು? ಅದಕ್ಕೇ ಹಬೆ ಎದುರಿಗೆ ಇದ್ದದ್ದನ್ನು ನೂಕುತ್ತದೆ. ಗಂಜಿಯ ಮುಚ್ಚಳ ಏಳುವುದು ಇದರಿಂದಲೇ.

ಜೇಮ್ಸ್ ವಾಟ್ ಎಂಬವರು ಕೆಟಲಿನ ಮುಚ್ಚಳ ನೋಡಿ ಹಬೆ ಎಂಜಿನ್ ಕಂಡುಹಿಡಿದರು ಎಂಬ ಕಥೆ ಉಂಟು. ಅದು ಕಥೆ ಅಷ್ಟೆ. ಅವರಿಗಿಂತ ಮೊದಲೇ, 1712ರಲ್ಲಿ, ಇಂಗ್ಲೆಂಡಿನ ನ್ಯೂಕಮೆನ್ ಎಂಬವರು ಗಣಿಯ ನೀರು ಎತ್ತಲು ಹಬೆ ಎಂಜಿನ್ ಮಾಡಿದ್ದರು. ಅದಕ್ಕೆ ಕಲ್ಲಿದ್ದಲು ಬಹಳ ಬೇಕಿತ್ತು. ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಆಗುವ ಉಪಾಯವನ್ನು ವಾಟ್ ಕಂಡುಕೊಂಡರು. ಅದಕ್ಕೆ 1769ರಲ್ಲಿ ಹಕ್ಕುಪತ್ರ ಪಡೆದರು.

ನಮ್ಮ ಊರಿಗೂ ಹಬೆ ಬಂತು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದರು. ಮೊದಲು ಮಣ್ಣು ಅರೆಯಲು ಎತ್ತುಗಳು ಇದ್ದವು. ಮುಂದೆ ಆ ಕೆಲಸಕ್ಕೆ ಹಬೆ ಯಂತ್ರ ಬಂತು. 1907ರಲ್ಲಿ ಮಂಗಳೂರಿಗೆ ರೈಲು ಬಂತು. ಅದನ್ನು ಎಳೆದದ್ದೂ ಹಬೆ ಎಂಜಿನ್. ಈಗ ಪಡೀಲಿನ ಹಳಿಯ ಮೇಲೆ ಓಡುವುದು ಡೀಸೆಲ್ ಮತ್ತು ಕರೆಂಟಿನ ಎಂಜಿನ್. ಹಳೆಯ ಹಬೆ ಎಂಜಿನ್ ನೋಡಬೇಕಾದರೆ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅದು 1979ರಲ್ಲಿ ಶುರುವಾಯಿತು.

ಮೊದಲ ಮಾದರಿ: ಹಬೆಯ ಗಿರಿಗಿಟ್ಲೆ

ತೆಂಗಿನ ಗರಿಯ ಗಿರಿಗಿಟ್ಲೆ ನಾವೆಲ್ಲ ಆಡಿದ್ದೇವೆ. ಗಾಳಿಗೆ ಅದು ತಿರುಗುತ್ತದೆ. ಹಬೆಗೂ ತಿರುಗಬೇಕಲ್ಲ?

ಊಟ ಕಟ್ಟಿಕೊಡುವ ಅಲ್ಯೂಮಿನಿಯಂ ತಟ್ಟೆ ತೆಗೆದುಕೊಂಡೆವು. ಲೋಟ ಕವುಚಿ ಇಟ್ಟು ವೃತ್ತ ಬರೆದೆವು. ಕತ್ತರಿಯಿಂದ ಕತ್ತರಿಸಿದೆವು. ಅಂಚಿನಿಂದ ನಡುವಿನ ಕಡೆಗೆ ಎಂಟು ಸೀಳು ಮಾಡಿದೆವು. ನಡುವೆ ಒಂದು ನಾಣ್ಯದಷ್ಟು ಜಾಗ ಬಿಟ್ಟೆವು. ಎಂಟು ಎಸಳನ್ನೂ ಒಂದೇ ಕಡೆಗೆ ಸ್ವಲ್ಪ ತಿರುಚಿದೆವು. ನಡುವೆ ತೂತು ಮಾಡಿ ಸ್ವೆಟರ್ ಹೆಣೆಯುವ ಕಡ್ಡಿ ತೂರಿಸಿದೆವು. ಚಕ್ರ ಜಾರದ ಹಾಗೆ ಎರಡು ಬದಿಗೂ ಮಣಿ ಹಾಕಿದೆವು. ಕಡ್ಡಿಯನ್ನು ಎರಡು ತಂತಿಯ ಕವೆಯ ಮೇಲೆ ಇಟ್ಟೆವು.

ಚಹಾದ ಕೆಟಲಿನಲ್ಲಿ ಅರ್ಧ ನೀರು ಹಾಕಿ ಕುದಿಸಿದೆವು. ಕೊಳವೆಯ ಬಾಯಿಂದ ಹಬೆ ಬಂತು. ಗಿರಿಗಿಟ್ಲೆ ತಿರುಗಿತು!

ಇಲ್ಲಿ ಒಂದು ವಿಷಯ ಗಮನಿಸಿ. ಕೊಳವೆಯ ಬಾಯಿಯ ಹತ್ತಿರ ಏನೂ ಕಾಣುವುದಿಲ್ಲ. ಸ್ವಲ್ಪ ಮುಂದೆ ಬಿಳಿ ಹೊಗೆಯ ಹಾಗೆ ಕಾಣುತ್ತದೆ. ಆ ಬಿಳಿಯದು ತಣ್ಣಗಾದ ನೀರಿನ ಸಣ್ಣ ಹನಿಗಳು. ನಿಜವಾದ ಹಬೆ ಕಣ್ಣಿಗೆ ಕಾಣದ ಜಾಗದಲ್ಲಿ ಉಂಟು. ಅಲ್ಲೇ ಕೈ ಹೆಚ್ಚು ಸುಡುವುದು.

ಈ ಗಿರಿಗಿಟ್ಲೆಯ ದೊಡ್ಡ ರೂಪಕ್ಕೆ ಟರ್ಬೈನ್ ಎನ್ನುತ್ತಾರೆ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ ಕಲ್ಲಿದ್ದಲಿನಿಂದ ಕರೆಂಟು ಮಾಡುತ್ತಾರೆ. ಅಲ್ಲಿಯೂ ನೀರು ಕಾಯಿಸಿ, ಹಬೆಯಿಂದ ಟರ್ಬೈನ್ ತಿರುಗಿಸುತ್ತಾರೆ.

ಎರಡನೆಯ ಮಾದರಿ: ಪಟಪಟ ದೋಣಿ

ಅಜ್ಜಿ ಕಂಡ ದೋಣಿ ಹೊಸತಲ್ಲ. 1891ರಲ್ಲೇ ಥಾಮಸ್ ಪಿಯೋ ಎಂಬವರು ಇಂಗ್ಲೆಂಡಿನಲ್ಲಿ ಇಂಥ ದೋಣಿಗೆ ಹಕ್ಕುಪತ್ರ ಪಡೆದಿದ್ದರು.

ಬೇಕಾದ ವಸ್ತುಗಳು ಇವು:

1. ತೆಳುವಾದ ತಾಮ್ರದ ಕೊಳವೆ, 40 ಸೆಂಟಿಮೀಟರ್. ಇದು ಫ್ರಿಜ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ದಪ್ಪ ಪೆನ್ಸಿಲಿನ ಅರ್ಧದಷ್ಟು ಸಾಕು.
2. ಬಿಸ್ಕತ್ತು ಡಬ್ಬದ ತಗಡಿನ ಮುಚ್ಚಳ. ಇದೇ ದೋಣಿ.
3. ಒಂದು ಗಿಡ್ಡ ಮೇಣದ ಬತ್ತಿ.
4. ತೂತು ಮುಚ್ಚಲು ಎಂ-ಸೀಲ್.
5. ಸೂಜಿ ಇಲ್ಲದ ಸಿರಿಂಜ್.

ಕೊಳವೆಯನ್ನು ಹಾಗೆಯೇ ಬಗ್ಗಿಸಿದರೆ ಚಪ್ಪಟೆ ಆಗುತ್ತದೆ. ನಮ್ಮ ಮೊದಲ ಕೊಳವೆ ಹಾಗೆ ಹಾಳಾಯಿತು. ಆಗ ಒಬ್ಬಾಕೆ ಹೇಳಿದಳು, "ಒಳಗೆ ಎಂತಾದರೂ ತುಂಬಿಸಿದರೆ ಚಪ್ಪಟೆ ಆಗಲಿಕ್ಕಿಲ್ಲ." ಎಂತ ತುಂಬಿಸುವುದು? ಹುರಿದು ಒಣಗಿಸಿದ ಪುಡಿ ಉಪ್ಪು ತುಂಬಿಸಿದೆವು. ಎರಡು ತುದಿಯನ್ನೂ ಮುಚ್ಚಿದೆವು. ಕೊಳವೆಯ ನಡುಭಾಗವನ್ನು ದಪ್ಪ ಪೆನ್ನಿಗೆ ಎರಡು ಸುತ್ತು ಸುತ್ತಿದೆವು. ಚಪ್ಪಟೆ ಆಗಲಿಲ್ಲ. ಆಮೇಲೆ ತುದಿ ಬಿಚ್ಚಿ, ನೀರು ಬಿಟ್ಟು ಉಪ್ಪನ್ನು ಕರಗಿಸಿ ತೆಗೆದೆವು. ಒಲೆಗೆ ಹಿಡಿಯುವ ಮೊದಲು ಕೊಳವೆ ಪೂರ್ತಿ ಖಾಲಿ ಇರಬೇಕು. ಒಂದು ತುದಿಯಿಂದ ಊದಿ, ಇನ್ನೊಂದು ತುದಿಯಿಂದ ಗಾಳಿ ಬರುತ್ತದಾ ಎಂದು ನೋಡಿದೆವು.

ಮುಚ್ಚಳದ ಹಿಂಬದಿಯಲ್ಲಿ ಮೊಳೆಯಿಂದ ಎರಡು ತೂತು ಮಾಡಿದೆವು. ಕೊಳವೆಯ ಎರಡು ತುದಿಯನ್ನೂ ಓರೆಯಾಗಿ ಕೆಳಗೆ ಇಳಿಸಿದೆವು. ತೂತಿನ ಸುತ್ತ ಎಂ-ಸೀಲ್ ಹಚ್ಚಿದೆವು. ತುದಿಗಳು ಹಿಂದಕ್ಕೆ ಮುಖ ಮಾಡಿ ನೀರಿನೊಳಗೆ ಇರಬೇಕು. ಸುರುಳಿ ಬತ್ತಿಯ ಜ್ವಾಲೆಯ ಮೇಲೆ ಇರಬೇಕು.

ಒಂದು ಕಲೆ

ಕೆಲಸ ನಡೆಯುವಾಗ ಒಬ್ಬಾಕೆ ಕೇಳಿದಳು, "ಇಷ್ಟೆಲ್ಲ ಕಷ್ಟ ಯಾಕೆ? ಒಂದು ಡಬ್ಬದಲ್ಲಿ ನೀರು ಹಾಕಿ, ಬಾಯಿ ಗಟ್ಟಿ ಮುಚ್ಚಿ ಕಾಯಿಸುವ. ಹಬೆ ಒಳಗೇ ನಿಂತರೆ ಜೋರು ಜಾಸ್ತಿ ಅಲ್ವಾ?"

ಮಾತು ಸರಿ ಎಂದೇ ನಮಗೆ ಕಂಡಿತು. ಡಬ್ಬ ಹುಡುಕಲು ಒಬ್ಬಳು ಎದ್ದೂ ಆಯಿತು. ಆಗ ಮೂಲೆಯಲ್ಲಿ ಕೂತಿದ್ದ ಅಕ್ಕ, "ಬೇಡ ಮಾರಾಯ್ತಿ" ಎಂದರು. ಸೀರೆಯ ಸೆರಗು ಸರಿಸಿ ತೋಳು ತೋರಿಸಿದರು. ಮೊಣಕೈಯಿಂದ ಮೇಲೆ ದೊಡ್ಡ ಸುಟ್ಟ ಕಲೆ ಇತ್ತು.

"ಕುಕ್ಕರಿನಲ್ಲಿ ತುಂಬಾ ಬೇಳೆ ಹಾಕಿದ್ದೆ. ನೊರೆ ಉಕ್ಕಿ ಸೀಟಿಯ ತೂತಿಗೆ ಸಿಕ್ಕಿಕೊಂಡಿತು. ಸೀಟಿ ಬರಲಿಲ್ಲ. ಬೇಯಲಿಲ್ಲ ಅಂತ ಬೆಂಕಿ ದೊಡ್ಡದು ಮಾಡಿದೆ. ಮುಚ್ಚಳ ಮಾಡಿಗೆ ಹಾರಿತು. ಮಗು ಒಳಗೆ ಮಲಗಿತ್ತು, ಪುಣ್ಯ."

ಯಾರೂ ಮಾತಾಡಲಿಲ್ಲ. ಎದ್ದವಳು ಕೂತಳು. ಎಷ್ಟು ವರ್ಷ ಜೊತೆಗೆ ಬೀಡಿ ಕಟ್ಟಿದ್ದೇವೆ. ಆ ಕಲೆ ನಾವು ನೋಡಿರಲಿಲ್ಲ.

ಟೀಚರ್ ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ಬರೆದರು: ಹಬೆಗೆ ದಾರಿ ಬೇಕು. ನಾವೂ ಪುಸ್ತಕದಲ್ಲಿ ಬರೆದೆವು.

ಕುಕ್ಕರಿಗೆ ಎರಡು ದಾರಿ ಉಂಟು. ಒಂದು ಸೀಟಿಯ ತೂತು. ಇನ್ನೊಂದು ಸೇಫ್ಟಿ ವಾಲ್ವ್. ಮೊದಲ ದಾರಿ ಮುಚ್ಚಿದರೆ ಎರಡನೆಯದು ಬಿಚ್ಚಿಕೊಳ್ಳಬೇಕು. ಅದು ಹಳತಾಗಿದ್ದರೆ, ಕಳಪೆ ಆಗಿದ್ದರೆ, ಅದೂ ಕೈಕೊಡುತ್ತದೆ. ರೈಲಿನ ಎಂಜಿನಿಗೂ ಸೇಫ್ಟಿ ವಾಲ್ವ್ ಇತ್ತು. ನಮ್ಮ ದೋಣಿಗೆ ಕೊಳವೆಯ ಎರಡು ತೆರೆದ ಬಾಯಿಯೇ ದಾರಿ. ಅದಕ್ಕೇ ಅದನ್ನು ಎಂದೂ ಮುಚ್ಚಬಾರದು. ಮುಚ್ಚಿದ ಡಬ್ಬದಲ್ಲಿ ನೀರು ಕಾಯಿಸಲೇಬಾರದು.

ದೋಣಿ ಓಡಿತು

ದೊಡ್ಡ ಬೋಗುಣಿಯಲ್ಲಿ ನೀರು ತುಂಬಿಸಿದೆವು. ದೋಣಿ ಇಟ್ಟೆವು. ಬತ್ತಿ ಹಚ್ಚಿದೆವು. ಕಾದೆವು. ದೋಣಿ ಓಡಲಿಲ್ಲ.

ತಪ್ಪು ಎಲ್ಲಿ? ಕೊಳವೆಯ ಒಳಗೆ ನೀರೇ ಇರಲಿಲ್ಲ. ಬರೀ ಗಾಳಿ ಇತ್ತು. ಬತ್ತಿ ಆರಿಸಿ, ಸುರುಳಿ ಪೂರ್ತಿ ತಣಿಯಲು ಬಿಟ್ಟೆವು. ಬಿಸಿ ಸುರುಳಿಗೆ ನೀರು ಬಿಟ್ಟರೆ ಮೈಮೇಲೆ ಸಿಡಿಯುತ್ತದೆ. ಆಮೇಲೆ ಸಿರಿಂಜಿನಿಂದ ಒಂದು ತುದಿಗೆ ನೀರು ತಳ್ಳಿದೆವು. ಇನ್ನೊಂದು ತುದಿಯಿಂದ ಗುಳ್ಳೆ ಇಲ್ಲದೆ ನೀರು ಬಂತು. ಎರಡು ತುದಿಗೂ ಬೆರಳಿಟ್ಟು ದೋಣಿಯನ್ನು ನೀರಿಗೆ ಇಳಿಸಿ, ಬೆರಳು ತೆಗೆದೆವು. ಮತ್ತೆ ಬತ್ತಿ ಹಚ್ಚಿದೆವು.

ಸ್ವಲ್ಪ ಹೊತ್ತಿನಲ್ಲಿ ದೋಣಿ ನಡುಗಿತು. ಮೆಲ್ಲಗೆ ಮುಂದೆ ಹೋಯಿತು. ಅಜ್ಜಿ ಚಪ್ಪಾಳೆ ತಟ್ಟಿದರು.

ಅದು ಓಡುವುದು ಹೀಗೆ. ಸುರುಳಿಯ ನೀರು ಕುದಿದು ಹಬೆ ಆಗುತ್ತದೆ. ಹಬೆ ಕೊಳವೆಯ ನೀರನ್ನು ಹಿಂದಕ್ಕೆ ನೂಕುತ್ತದೆ. ದೋಣಿ ಮುಂದೆ ಹೋಗುತ್ತದೆ. ಆ ಹಬೆ ತಣ್ಣಗಿನ ಕೊಳವೆಗೆ ಬಂದಾಗ ಮತ್ತೆ ನೀರಾಗಿ ಕುಗ್ಗುತ್ತದೆ. ಹೊರಗಿನ ನೀರು ಒಳಗೆ ಬರುತ್ತದೆ. ಮತ್ತೆ ಕುದಿಯುತ್ತದೆ, ಮತ್ತೆ ನೂಕುತ್ತದೆ.

"ನೀರು ಒಳಗೆ ಬರುವಾಗ ದೋಣಿ ಹಿಂದೆ ಹೋಗಬೇಕಲ್ಲ?" ಎಂದು ಒಬ್ಬಾಕೆ ಕೇಳಿದಳು. ಒಳ್ಳೆಯ ಪ್ರಶ್ನೆ. ದೀಪವನ್ನು ಊದಿದರೆ ಆರುತ್ತದೆ. ಅಷ್ಟೇ ದೂರದಿಂದ ಉಸಿರು ಎಳೆದುಕೊಂಡರೆ ಆರುವುದಿಲ್ಲ. ಊದುವಾಗ ಗಾಳಿ ಒಂದೇ ಕಡೆ ಹೋಗುತ್ತದೆ. ಎಳೆಯುವಾಗ ಸುತ್ತಲಿಂದ ಬರುತ್ತದೆ. ನೀರೂ ಹಾಗೆಯೇ. ಹೊರಗೆ ಹೋಗುವಾಗ ಒಂದೇ ಕಡೆ ನೂಕುತ್ತದೆ. ಒಳಗೆ ಬರುವಾಗ ಎಲ್ಲ ಕಡೆಯಿಂದ ಬರುತ್ತದೆ.

ಆದರೆ ಪಟ ಪಟ ಸದ್ದು ಬರಲಿಲ್ಲ. ಜಾತ್ರೆಯ ದೋಣಿಯಲ್ಲಿ ಸುರುಳಿಯ ಬದಲು ತೆಳು ತಗಡಿನ ಸಣ್ಣ ಪೆಟ್ಟಿಗೆ ಇರುತ್ತದೆ. ಆ ತಗಡು ಬಡಿದೇ ಸದ್ದು. "ಸದ್ದು ಬೇಡ, ಓಡಿತಲ್ಲ" ಎಂದರು ಅಜ್ಜಿ.

ಚೀಟಿ ಬರೆದೆವು

ಪ್ರತಿ ಮಾದರಿಯ ಎದುರು ಒಂದು ಚೀಟಿ ಇರಬೇಕು. ನಾವೇ ಬರೆದೆವು. ಮೂರು ಸಲ ತಿದ್ದಿದೆವು.

ಮಾದರಿಯ ಹೆಸರು: ಹಬೆ ದೋಣಿ.
ಬಳಸಿದ ವಸ್ತು: ತಾಮ್ರದ ಕೊಳವೆ, ತಗಡು, ಮೇಣದ ಬತ್ತಿ, ನೀರು.
ಎಚ್ಚರಿಕೆ: ಕೊಳವೆಯ ಬಾಯಿ ಮುಚ್ಚಬೇಡಿ. ನೀರಿಲ್ಲದೆ ಕಾಯಿಸಬೇಡಿ. ಸುರುಳಿ ಮುಟ್ಟಬೇಡಿ.
ಮಾಡಿದವರು:

ಇಲ್ಲಿ ನಾವು ನಿಂತೆವು. "ಮಹಿಳೆಯರು ಅಂತ ಬರೆದರೆ ಸಾಕು" ಎಂದಳು ಒಬ್ಬಳು. ಅಜ್ಜಿ ಒಪ್ಪಲಿಲ್ಲ.

"ಬೀಡಿಯ ಪುಸ್ತಕದಲ್ಲಿ ನನ್ನ ಹೆಸರು ಬೇರೆಯವರು ಬರೆದದ್ದು. ರೇಷನ್ ಕಾರ್ಡಿನಲ್ಲೂ ಬೇರೆಯವರೇ. ನಾನು ಹೆಬ್ಬೆಟ್ಟು ಒತ್ತಿದ್ದು. ಇದರಲ್ಲಿ ನಾನೇ ಬರೆಯುತ್ತೇನೆ."

ಅಜ್ಜಿ ನಿಧಾನವಾಗಿ ಹೆಸರು ಬರೆದರು. ಒತ್ತಕ್ಷರ ಸ್ವಲ್ಪ ಕೆಳಗೆ ಜಾರಿತು. ಹಾಗೆಯೇ ಬಿಟ್ಟೆವು. ಆಮೇಲೆ ಎಲ್ಲರೂ ಬರೆದೆವು. ತೋಳಿನಲ್ಲಿ ಕಲೆ ಇದ್ದ ಅಕ್ಕ ಕೊನೆಗೆ ಬರೆದರು. ಎಚ್ಚರಿಕೆಯ ಸಾಲಿನ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದವರೂ ಅವರೇ.

ಪ್ರದರ್ಶನದ ದಿನ ನಮ್ಮ ಬೋಗುಣಿಯ ಸುತ್ತ ಮಕ್ಕಳು ಮುತ್ತಿದರು. ಒಬ್ಬ ಹುಡುಗ ಕೇಳಿದ, "ಅಜ್ಜೀ, ಇದು ನಿಮಗೆ ಯಾರು ಮಾಡಿಕೊಟ್ಟದ್ದು?"

ಅಜ್ಜಿ ಚೀಟಿ ತೋರಿಸಿದರು. "ಓದು ಮಗಾ. ಬರೆದದ್ದುಂಟು."

ಓದಿ, ಮಾತಾಡಿ, ಬರೆಯಿರಿ

1. ಗಂಜಿಯ ಮುಚ್ಚಳ ಕುಣಿಯುವುದು ಯಾಕೆ?
2. ಕೊಳವೆಗೆ ಉಪ್ಪು ತುಂಬಿಸಿದ್ದು ಯಾಕೆ?
3. ಕುಕ್ಕರಿನಲ್ಲಿ ಹಬೆಗೆ ಎಷ್ಟು ದಾರಿ ಉಂಟು? ಅವು ಯಾವುವು?
4. ನಿಮ್ಮ ಮನೆಯಲ್ಲಿ ಹಬೆಯಿಂದ ಆಗುವ ಮೂರು ಕೆಲಸ ಬರೆಯಿರಿ.
5. ನೀವು ಮಾಡಿದ ಒಂದು ವಸ್ತುವಿಗೆ ಚೀಟಿ ಬರೆಯಿರಿ. "ಮಾಡಿದವರು" ಎಂಬಲ್ಲಿ ನಿಮ್ಮ ಹೆಸರು ಬರೆಯಿರಿ.

ಇವತ್ತೇ ಮಾಡಿ

ಕುಕ್ಕರಿನ ಮುಚ್ಚಳ ಬೆಳಕಿಗೆ ಹಿಡಿಯಿರಿ. ಸೀಟಿಯ ತೂತಿನಲ್ಲಿ ಬೆಳಕು ಕಾಣುತ್ತದಾ? ಕಾಣದಿದ್ದರೆ ತೊಳೆದು, ಕಡ್ಡಿ ಹಾಕಿ ಬಿಡಿಸಿ. ಅಕ್ಕಿ ಬೇಳೆ ಹಾಕುವಾಗ ನೀರೂ ಸೇರಿ ಅರ್ಧ ಕುಕ್ಕರಿಗಿಂತ ಹೆಚ್ಚು ತುಂಬಿಸಬೇಡಿ. ಹಬೆ ಪೂರ್ತಿ ಇಳಿಯುವ ಮೊದಲು ಮುಚ್ಚಳ ತೆಗೆಯಬೇಡಿ. ಹಳೆಯ ಸೇಫ್ಟಿ ವಾಲ್ವ್ ಬದಲಾಯಿಸಿ. ಪಕ್ಕದ ಮನೆಯ ಅಕ್ಕನಿಗೂ ಇದನ್ನು ಓದಿ ಹೇಳಿ.