ಮೇಟ್ ದೂರವಿದ್ದಾಗ ಎಂಜಿನ್ ಮಾತು

ಹಿಂದೂಪುರ, ಕಲ್ಯಾಣದುರ್ಗದ ಚೆಸ್ ಪ್ರಿಯರಿಗೂ ಈಗ ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್ ಮೊಬೈಲಿನಲ್ಲೇ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಅಂತ್ಯಾಟದ ಉದ್ದನೆಯ ಮೇಟ್ ಸಮಸ್ಯೆ ಕೊಟ್ಟಾಗ ಅದು ತೋರಿಸುವ ಮೊದಲ ಉತ್ತರವನ್ನೇ ನಂಬಿಬಿಡಬೇಡಿ.

ಎಂಜಿನ್ ಎಲ್ಲ ನಡೆಗಳನ್ನೂ ಕೊನೆತನಕ ನೋಡುವುದಿಲ್ಲ. ಪ್ರಯೋಜನವಿಲ್ಲ ಎನಿಸಿದ ಕವಲುಗಳನ್ನು ಸವರಿಹಾಕುತ್ತದೆ. ಒಂದು ನಡೆಯನ್ನು ಬಿಟ್ಟುಕೊಟ್ಟರೂ ಮೇಲುಗೈ ಉಳಿಯುತ್ತದೆಯೇ ಎಂದು ಪರೀಕ್ಷಿಸುವುದು ಅದರ ಒಂದು ಉಪಾಯ. ಕಾಯಿ ನಡೆಸಲೇಬೇಕಾದ್ದರಿಂದಲೇ ಎದುರಾಳಿ ಸೋಲುವ ಸ್ಥಿತಿಯಲ್ಲಿ ಈ ಉಪಾಯವೇ ದಾರಿ ತಪ್ಪಿಸಬಹುದು. ಅಂತ್ಯಾಟದಲ್ಲೇ ಅಂಥ ಸ್ಥಿತಿಗಳು ಹೆಚ್ಚು!

ರಾಜರೂ ಸೇರಿ ಹಲಗೆಯ ಮೇಲೆ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿ ಉಳಿದಿದ್ದರೆ ಟೇಬಲ್‌ಬೇಸ್ ತೆರೆಯಿರಿ. ಅಲ್ಲಿ ಅಂದಾಜಿಲ್ಲ, ಪೂರ್ತಿ ಲೆಕ್ಕವಿದೆ. ಒಂಟೆ, ಕುದುರೆ ಸೇರಿ ಒಂಟಿ ರಾಜನನ್ನು ಕಟ್ಟಿಹಾಕಲು ಹೆಚ್ಚೆಂದರೆ 33 ನಡೆ. ಒಂದು ಕಾಲಾಳಿನ ಎದುರು ಎರಡು ಕುದುರೆಗಳಿಗೆ 115 ನಡೆಯವರೆಗೂ ಬೇಕಾಗಬಹುದು. ಏಳು ಕಾಯಿಗಳ ಒಂದು ಸ್ಥಿತಿಯಲ್ಲಂತೂ ಮೇಟ್ ಆಗಲು 549 ನಡೆ ಎಂದು ಮಾಸ್ಕೋದ ಲೊಮೊನೊಸೊವ್ ಟೇಬಲ್‌ಬೇಸ್ ತೋರಿಸಿದೆ.

ಸಿಝಿಜಿ ಎಂಬ ಟೇಬಲ್‌ಬೇಸ್ ಬಳಸುವವರು ಒಂದನ್ನು ಗಮನಿಸಬೇಕು: ಅದು ಎಣಿಸುವುದು ಮೇಟ್‌ವರೆಗಿನ ದೂರವನ್ನಲ್ಲ, ಮುಂದಿನ ಕಾಲಾಳು ನಡೆ ಅಥವಾ ಕಾಯಿ ಹೊಡೆತದವರೆಗಿನದನ್ನು.

ಕಾಯಿ ಹೆಚ್ಚಿದ್ದರೆ ಎಂಜಿನ್ನಿಗೆ ಸಮಯ ಕೊಡಿ; ಒಂದೇ ಸಾಲಿನ ಬದಲು ಮೂರು ಸಾಲು ತೋರಿಸುವಂತೆ ಹೊಂದಿಸಿ. ಸಮಸ್ಯೆಗೆ ಎರಡನೇ ಪರಿಹಾರವಿದ್ದರೆ ಅದೂ ಕಣ್ಣಿಗೆ ಬೀಳುತ್ತದೆ.