ಚಕ್ರದ ಮೇಲೆ ಒಂದು ಸಂಸಾರ

ಮನೆ ಅಂದರೆ ಏನು? ನಾಲ್ಕು ಗೋಡೆ. ಮೇಲೆ ಒಂದು ಮಾಡು. ಒಂದು ಒಲೆ. ಕುಡಿಯಲು ನೀರು. ಕಾಲು ಚಾಚಿ ಮಲಗಲು ಜಾಗ. ಇಷ್ಟೂ ಒಂದು ಗಾಡಿಯ ಒಳಗೇ ಇದ್ದರೆ? ಅಂಥ ಗಾಡಿಗೆ ಮೋಟಾರ್‌ಹೋಮ್ ಅಂತ ಹೆಸರು. ನಮ್ಮ ಕಡೆ ಕಾರವಾನ್ ಅನ್ನುತ್ತಾರೆ. ಸಿನಿಮಾ ಶೂಟಿಂಗ್ ನಡೆಯುವ ಜಾಗದಲ್ಲಿ ನಟ ನಟಿಯರಿಗಾಗಿ ಬಸ್ಸಿನಂಥ ದೊಡ್ಡ ಗಾಡಿ ನಿಲ್ಲಿಸಿರುತ್ತಾರೆ. ಅದೂ ಇದೇ ಜಾತಿ. 2021ರಲ್ಲಿ ಕೇರಳ ಸರಕಾರ ಇಂಥ ಗಾಡಿಗಳಿಗಾಗಿಯೇ ಒಂದು ಯೋಜನೆ ತಂದಿತು. ಪ್ರವಾಸಿಗರು ಕಾರವಾನಿನಲ್ಲೇ ಊರು ನೋಡಲಿ, ಅದರಲ್ಲೇ ಮಲಗಲಿ ಎಂಬುದು ಅದರ ಉದ್ದೇಶ.

ಆದರೆ ಇವತ್ತಿನ ಪಾಠ ದೊಡ್ಡ ಕಾರವಾನಿನದಲ್ಲ. ಜೀಪಿನಂಥ ಒಂದು ಗಾಡಿಯದು. ಅದರಲ್ಲಿ ಇಬ್ಬರು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಸಂಸಾರ ಮಾಡಿದರು. ಇದು ಕಟ್ಟುಕಥೆಯಲ್ಲ, ನಡೆದದ್ದು.

ಗಾಡಿಯ ಹೆಸರು ಓಟ್ಟೋ

ಜರ್ಮನಿ ಎಂಬ ದೇಶ ಇದೆ. ಯುರೋಪು ಖಂಡದಲ್ಲಿದೆ. ಅಲ್ಲಿ ಗುಂಥರ್ ಹೋಲ್ಟಾರ್ಫ್ ಎಂಬವರು ಇದ್ದರು. ಹುಟ್ಟಿದ್ದು 1937ರಲ್ಲಿ. ವಿಮಾನ ಕಂಪನಿಯಲ್ಲಿ ದೊಡ್ಡ ಕೆಲಸ. ಕೆಲಸದ ಮೇಲೆ ಅವರು ಇಂಡೋನೇಷ್ಯಾ ದೇಶದ ಜಕಾರ್ತಾ ನಗರದಲ್ಲಿ ಇರಬೇಕಾಯಿತು. ಅದು ದೊಡ್ಡ ನಗರ. ಬೀದಿ ಹುಡುಕಲು ಒಂದು ಒಳ್ಳೆಯ ನಕ್ಷೆ ಇರಲಿಲ್ಲ. ಇವರೇ ಬೀದಿ ಬೀದಿ ಸುತ್ತಿ ನಕ್ಷೆ ಮಾಡಿದರು! ಅದು ಅಚ್ಚಾಗಿ ಮಾರಾಟವೂ ಆಯಿತು. ಇಂಥ ಮನುಷ್ಯ ಮನೆಯಲ್ಲಿ ಕೂರುತ್ತಾರೆಯೇ?

1988ರಲ್ಲಿ ಅವರು ಕೆಲಸ ಬಿಟ್ಟರು. ವಯಸ್ಸು ಆಗ ಐವತ್ತು ದಾಟಿತ್ತು. ನೀಲಿ ಬಣ್ಣದ ಒಂದು ಡೀಸೆಲ್ ಗಾಡಿ ಕೊಂಡರು. ಮರ್ಸಿಡಿಸ್ ಕಂಪನಿಯದು. ಆ ಗಾಡಿಗೆ ಓಟ್ಟೋ ಅಂತ ಹೆಸರು ಬಂತು. ನಾವು ದನಕ್ಕೆ, ನಾಯಿಗೆ ಹೆಸರು ಇಡುತ್ತೇವಲ್ಲ, ಹಾಗೆ. ಆಫ್ರಿಕಾ ಖಂಡದಲ್ಲಿ ಒಂದೂವರೆ ವರ್ಷ ತಿರುಗಾಡಿ ಬರುವುದು ಅವರ ಲೆಕ್ಕ. ಆದರೆ ಪ್ರಯಾಣ ಮುಗಿದದ್ದು 2014ರ ಅಕ್ಟೋಬರಿನಲ್ಲಿ. ಅಂದರೆ 26 ವರ್ಷ ಕಳೆದ ಮೇಲೆ.

ಮೊದಲು ಹೊರಟಾಗ ಜೊತೆಗಿದ್ದವರು ಅವರ ಆಗಿನ ಹೆಂಡತಿ. ಆ ಮದುವೆ ಮುರಿಯಿತು. ಆಮೇಲೆ ಪತ್ರಿಕೆಯ ಒಂದು ಜಾಹೀರಾತಿನ ಮೂಲಕ ಕ್ರಿಸ್ಟೀನ್ ಎಂಬವರ ಪರಿಚಯ ಆಯಿತು. ಕ್ರಿಸ್ಟೀನ್ ಗಾಡಿ ಹತ್ತಿದರು. ಇಬ್ಬರಿಗೂ ಹೊಂದಿಕೆ ಆಯಿತು. ಮದುವೆ ಮಾಡಿಕೊಳ್ಳದೆಯೇ ಜೊತೆಗೆ ಬಾಳಿದರು. ಆ ನಾಡಿನ ರೀತಿ ಬೇರೆ. ಆಗಾಗ ಜರ್ಮನಿಗೆ ಹೋಗಿ ಬರುತ್ತಿದ್ದರು. ಆದರೆ ನಿಜವಾದ ಮನೆ ಓಟ್ಟೋನೇ.

ಕೋಣೆ ಎಷ್ಟು ದೊಡ್ಡದು?

ಆ ಗಾಡಿಯ ಉದ್ದ ಸುಮಾರು 15 ಅಡಿ. ಅಗಲ 6 ಅಡಿಗೂ ಕಡಿಮೆ. ಅದರಲ್ಲಿ ಮುಂದಿನ ಭಾಗ ಎಂಜಿನಿಗೆ ಹೋಯಿತು. ಆಮೇಲೆ ಎರಡು ಸೀಟು. ಉಳಿದದ್ದು ಹಿಂದಿನ ಜಾಗ ಮಾತ್ರ. ಅಲ್ಲಿದ್ದ ಸೀಟುಗಳನ್ನು ಕಿತ್ತು ತೆಗೆದು ಹಾಸಿಗೆ ಹಾಕಿದರು. ಹಾಸಿಗೆಯ ಕೆಳಗೆ ಪೆಟ್ಟಿಗೆಗಳು. ಬಟ್ಟೆ, ಪಾತ್ರೆ, ಔಷಧ, ಕಾಗದಪತ್ರ ಎಲ್ಲದಕ್ಕೂ ಒಂದೊಂದು ಜಾಗ. ಗಾಡಿಯ ಬಿಡಿಭಾಗಗಳೇ ನೂರಾರು ಇದ್ದವು. ಅವುಗಳಲ್ಲಿ ಕೆಲವು ಗಾಡಿಯ ತಲೆಯ ಮೇಲೆ, ಪೆಟ್ಟಿಗೆಯಲ್ಲಿ.

ಇಂಥ ಜಾಗದಲ್ಲಿ ಒಂದು ನಿಯಮ ತಪ್ಪುವಂತಿಲ್ಲ. ತೆಗೆದದ್ದನ್ನು ತೆಗೆದ ಜಾಗದಲ್ಲೇ ಇಡಬೇಕು. ರಾತ್ರಿ ಟಾರ್ಚು ಸಿಗಲಿಲ್ಲ ಅಂದರೆ ಇಬ್ಬರಿಗೂ ನಿದ್ದೆ ಇಲ್ಲ. ಮಳೆ ಬಂದರೆ ಒದ್ದೆ ಬಟ್ಟೆ ಒಣಗಿಸುವುದು ಎಲ್ಲಿ? ಜಗಳ ಬಂದರೆ ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಹಾಗಿಲ್ಲ. ಬೇರೆ ಕೋಣೆಯೇ ಇಲ್ಲ! ಒಬ್ಬರು ಕೋಪ ಮಾಡಿಕೊಂಡರೆ ಹೊರಗೆ ಒಂದು ಸುತ್ತು ನಡೆದು ಬರಬೇಕು. ಅದೂ ಸುತ್ತಮುತ್ತ ಕಾಡುಪ್ರಾಣಿ ಇಲ್ಲದಿದ್ದರೆ.

ಈ ಪಾಠ ಕೇಳುವಾಗ ಕೇಂದ್ರದಲ್ಲಿ ಬೀಡಿ ಕಟ್ಟುವ ಅಕ್ಕ ಒಬ್ಬರು ಕೇಳಿದರು: "ಟೀಚರೇ, ಅದೆಲ್ಲ ಇರಲಿ. ಸ್ನಾನಕ್ಕೆ, ಕಕ್ಕಸಿಗೆ ಎಂಥ ಮಾಡ್ತಾರೆ?" ಎಲ್ಲರೂ ನಕ್ಕರು. ಆದರೆ ಸರಿಯಾದ ಪ್ರಶ್ನೆ ಅದೇ. ಬೆಟ್ಟ, ಸಮುದ್ರ, ಸೂರ್ಯ ಮುಳುಗುವುದು ಇವುಗಳ ಚಿತ್ರ ಎಲ್ಲರೂ ತೋರಿಸುತ್ತಾರೆ. ಕಕ್ಕಸಿನ ಮಾತು ಯಾರೂ ಹೇಳುವುದಿಲ್ಲ.

ದೊಡ್ಡ ಮೋಟಾರ್‌ಹೋಮಿನಲ್ಲಿ ಸಣ್ಣ ಕಕ್ಕಸು ಇರುತ್ತದೆ. ಸಾಮಾನ್ಯವಾಗಿ ಮೂರು ತೊಟ್ಟಿಗಳು ಇರುತ್ತವೆ. ಒಂದರಲ್ಲಿ ಒಳ್ಳೆಯ ನೀರು. ಇನ್ನೊಂದರಲ್ಲಿ ಪಾತ್ರೆ ತೊಳೆದ, ಮಿಂದ ನೀರು. ಮೂರನೆಯದು ಕಕ್ಕಸಿನದು. ಕೊಳಕು ನೀರನ್ನು ಸಿಕ್ಕಿದಲ್ಲಿ ಬಿಡುವಂತಿಲ್ಲ. ಅದಕ್ಕೆಂದೇ ಇರುವ ಜಾಗಕ್ಕೆ ಹೋಗಿ, ಕೊಳವೆ ಸಿಕ್ಕಿಸಿ, ಖಾಲಿ ಮಾಡಬೇಕು. ಈ ಕೆಲಸ ಗಂಡ ಮಾಡಬೇಕೋ ಹೆಂಡತಿ ಮಾಡಬೇಕೋ? ಸರದಿ ಹಾಕಿಕೊಳ್ಳುವುದು ನ್ಯಾಯ. ಓಟ್ಟೋನಂಥ ಸಣ್ಣ ಗಾಡಿಯಲ್ಲಿ ಇದಕ್ಕೆಲ್ಲ ಜಾಗ ಎಲ್ಲಿ? ಅಂಥ ಗಾಡಿಯಲ್ಲಿ ಹೋಗುವವರು ಹೊರಗೆ ಹೋಗಬೇಕು. ಗುಂಡಿ ತೋಡಿ, ಮಣ್ಣು ಮುಚ್ಚಿ ಬರಬೇಕು.

ನೀರಿನ ಲೆಕ್ಕ ಇನ್ನೂ ಗಟ್ಟಿ. ಮರುಭೂಮಿಯಲ್ಲಿ ಬಾವಿ ಯಾವಾಗ ಸಿಗುತ್ತದೆ ಎಂದು ಹೇಳಲು ಬರುವುದಿಲ್ಲ. ಮೊದಲು ಕುಡಿಯುವ ನೀರು. ಆಮೇಲೆ ಅಡುಗೆ. ಪಾತ್ರೆ ತೊಳೆಯಲು ಚೂರು. ಸ್ನಾನ ಕೊನೆಗೆ. ಬಾವಿ ನೀರು ಬತ್ತಿದ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಹೆಂಗಸರು ಇದೇ ಲೆಕ್ಕ ಹಾಕುತ್ತಾರೆ.

ಗಾಡಿ ಕೆಟ್ಟರೆ?

ಹೋಲ್ಟಾರ್ಫ್ ಗಾಡಿಯನ್ನು ಓಡಿಸುತ್ತಿದ್ದದ್ದು ನಿಧಾನವಾಗಿ. ಅದು ಹಳೆಯ ಕಾಲದ ಎಂಜಿನ್. ಕಂಪ್ಯೂಟರಿನ ಕಿರಿಕಿರಿ ಇಲ್ಲ. ಸ್ಪ್ಯಾನರು ಹಿಡಿಯಲು ಬರುವ ಯಾವ ಮೆಕ್ಯಾನಿಕನಿಗೂ ಅದರ ಕೆಲಸ ತಿಳಿಯುತ್ತದೆ. ಅವರೇ ಬಗ್ಗಿ ನೋಡಿ ರಿಪೇರಿ ಮಾಡುತ್ತಿದ್ದರು. ಹೊಸ ನಮೂನೆಯ ಗಾಡಿ ಕಾಡಿನಲ್ಲಿ ಕೆಟ್ಟು ನಿಂತರೆ ದೊಡ್ಡ ಊರಿನ ಶೋರೂಮಿಗೆ ಎಳೆದುಕೊಂಡು ಹೋಗಬೇಕು.

ಮರಳಿನಲ್ಲಿ ಚಕ್ರ ಹೂತುಹೋದರೆ ಏನು ಮಾಡಬೇಕು? ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಒಳಗೆ ಹೋಗುತ್ತದೆ. ಮೊದಲು ಟಯರಿನ ಗಾಳಿ ಕಮ್ಮಿ ಮಾಡಬೇಕು. ಆಗ ಟಯರು ಚಪ್ಪಟೆಯಾಗಿ ಅಗಲವಾಗುತ್ತದೆ. ಭಾರ ಹೆಚ್ಚು ಜಾಗಕ್ಕೆ ಹರಡುತ್ತದೆ. ಚಕ್ರದ ಮುಂದಿನ ಮರಳನ್ನು ಕೈಯಿಂದ ಸರಿಸಿ, ಹಲಗೆ ಇಟ್ಟು, ಮೆಲ್ಲ ಹತ್ತಿಸಬೇಕು. ಒಬ್ಬರು ಸ್ಟಿಯರಿಂಗ್ ಹಿಡಿದರೆ ಇನ್ನೊಬ್ಬರು ಹಿಂದಿನಿಂದ ದೂಡಬೇಕು. ಗಟ್ಟಿ ರಸ್ತೆ ಸಿಕ್ಕಿದ ಮೇಲೆ ಮತ್ತೆ ಗಾಳಿ ತುಂಬಬೇಕು, ಮರೆಯಬಾರದು.

ಮಡಗಾಸ್ಕರ್ ಎಂಬ ದ್ವೀಪದಲ್ಲಿ ಒಮ್ಮೆ ಓಟ್ಟೋ ಮಗುಚಿ ಬಿತ್ತು. ರಿಪೇರಿ ಮಾಡಿ ಮತ್ತೆ ಹೊರಟರು. ಹೋಲ್ಟಾರ್ಫ್ ಅವರಿಗೆ ಹಲವು ಸಲ ಮಲೇರಿಯಾ ಬಂತು. ಮಲೇರಿಯಾ ಬಂದವರಿಗೆ ಗೊತ್ತು, ನಡುಕ ಹಿಡಿದರೆ ಎರಡು ಕಂಬಳಿ ಹೊದ್ದರೂ ಸಾಲದು. ಸೊಳ್ಳೆಯ ಮುಂದೆ ಮರ್ಸಿಡಿಸ್ ಗಾಡಿಯೂ ಒಂದೇ, ಮುಳಿಹುಲ್ಲಿನ ಗುಡಿಸಲೂ ಒಂದೇ.

ಕಾಗದ ಮತ್ತು ಬೋರ್ಡು

ಈ ಇಬ್ಬರು ತಿರುಗಿದ ದೇಶಗಳು 170ಕ್ಕೂ ಹೆಚ್ಚು. ಒಂದು ದೇಶದಿಂದ ಇನ್ನೊಂದಕ್ಕೆ ದಾಟುವಾಗ ಗಡಿಯಲ್ಲಿ ತಪಾಸಣೆ. ಮನುಷ್ಯರಿಗೆ ಪಾಸ್‌ಪೋರ್ಟ್ ಬೇಕು. ಒಳಗೆ ಬರಲು ಒಪ್ಪಿಗೆ ಬೇಕು. ಅದಕ್ಕೆ ವೀಸಾ ಅನ್ನುತ್ತಾರೆ. ಗಾಡಿಗೂ ಬೇರೆ ಕಾಗದ ಬೇಕು. ಹಲವು ದೇಶಗಳಲ್ಲಿ ಕಾರ್ನೆ ಎಂಬ ಪುಸ್ತಕ ಕೇಳುತ್ತಾರೆ. ಅದು ಗಾಡಿಯ ಪಾಸ್‌ಪೋರ್ಟ್ ಇದ್ದ ಹಾಗೆ. 'ಈ ಗಾಡಿಯನ್ನು ಇಲ್ಲಿ ಮಾರುವುದಿಲ್ಲ, ವಾಪಸು ತೆಗೆದುಕೊಂಡು ಹೋಗುತ್ತೇವೆ' ಎಂಬುದಕ್ಕೆ ಅದು ಜಾಮೀನು. ಒಳಗೆ ಬರುವಾಗ ಒಂದು ಸೀಲು, ಹೊರಗೆ ಹೋಗುವಾಗ ಒಂದು ಸೀಲು. ಹೋಗುವಾಗ ಸೀಲು ಹಾಕಿಸದೆ ಬಂದರೆ ಆಮೇಲೆ ದೊಡ್ಡ ಮೊತ್ತ ಕಟ್ಟಬೇಕಾಗುತ್ತದೆ.

ಇನ್ನು ಬೋರ್ಡು. ಜರ್ಮನಿಯಲ್ಲಿ ಓದು ಬರಹ ಚೆನ್ನಾಗಿ ಬಲ್ಲವರು ಅರಬ್ ದೇಶಕ್ಕೆ ಹೋದರೆ ಅಲ್ಲಿನ ಬೋರ್ಡು ಓದಲಾಗುವುದಿಲ್ಲ. ಅಲ್ಲಿ ಬಲದಿಂದ ಎಡಕ್ಕೆ ಬರೆಯುತ್ತಾರೆ. ಚೀನಾದ ಅಕ್ಷರ ಇನ್ನೊಂದು ಬಗೆ. ಅಕ್ಷರ ತಿಳಿಯದ ಊರಿಗೆ ಹೋದರೆ ಎಷ್ಟು ಕಲಿತವರೂ ಅನಕ್ಷರಸ್ಥರೇ! ಕೈಸನ್ನೆ ಮಾಡಬೇಕು, ನಕ್ಷೆಯ ಮೇಲೆ ಬೆರಳಿಟ್ಟು ಕೇಳಬೇಕು, ಇನ್ನೊಬ್ಬರನ್ನು ನಂಬಬೇಕು. ಕಾಸರಗೋಡಿನವರಾದ ನಮಗೆ ಇದು ಹೊಸದಲ್ಲ. ಮನೆಯಲ್ಲಿ ತುಳುವೋ ಕನ್ನಡವೋ. ಬಸ್ಸಿನ ಬೋರ್ಡು ಮಲಯಾಳದಲ್ಲಿ. ಬ್ಯಾಂಕಿನ ಕಾಗದ ಇಂಗ್ಲಿಷಿನಲ್ಲಿ. ಆದ್ದರಿಂದಲೇ ನಾನು ಹೇಳುವುದು, ಕನ್ನಡ ಗಟ್ಟಿಯಾಗಿ ಓದಲು ಬಂದ ಮೇಲೆ ಮಲಯಾಳದ ಅಕ್ಷರವನ್ನೂ ಕಲಿಯಿರಿ. ಒಂದು ಲಿಪಿ ಕಲಿತ ಕಣ್ಣಿಗೆ ಎರಡನೆಯದು ಅಷ್ಟು ಕಷ್ಟವಲ್ಲ.

ರಸ್ತೆಯ ಗುರುತುಗಳಿಗೆ ಮಾತ್ರ ಹೆಚ್ಚಿನ ದೇಶಗಳಲ್ಲಿ ಒಂದೇ ಭಾಷೆ. ಕೆಂಪು ಅಂಚಿನ ತ್ರಿಕೋನ ಇದ್ದರೆ ಎಚ್ಚರಿಕೆ. ಕೆಂಪು ಅಂಚಿನ ವೃತ್ತ ಇದ್ದರೆ 'ಮಾಡಬಾರದು' ಎಂಬ ಕಟ್ಟಪ್ಪಣೆ. ನಮ್ಮ ಹೆದ್ದಾರಿಯಲ್ಲೂ ಹೀಗೆಯೇ. ನಾಳೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿ.

ಒಳಗೆ ಹೊಗೆ ಬರಬಾರದು

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಗಾಡಿ ಮನೆಯ ದೊಡ್ಡ ಅಪಾಯ ಹುಲಿಯಲ್ಲ, ಕಳ್ಳನೂ ಅಲ್ಲ. ಮುಚ್ಚಿದ ಜಾಗದಲ್ಲಿ ಉರಿಯುವ ಬೆಂಕಿ ಮತ್ತು ಓಡುವ ಎಂಜಿನ್.

2024ರ ಡಿಸೆಂಬರಿನಲ್ಲಿ ಕೋಝಿಕ್ಕೋಡ್ ಜಿಲ್ಲೆಯ ವಡಗರದಲ್ಲಿ ಒಂದು ಕಾರವಾನ್ ರಸ್ತೆ ಬದಿಯಲ್ಲಿ ನಿಂತಿತ್ತು. ಒಳಗೆ ಇಬ್ಬರು ಗಂಡಸರು ಸತ್ತಿದ್ದರು. ಗಾಯ ಇಲ್ಲ, ಜಗಳ ಇಲ್ಲ. ಆಮೇಲೆ ಪರೀಕ್ಷೆ ಮಾಡಿದಾಗ ಕಾರಣ ತಿಳಿಯಿತು. ಏಸಿಗಾಗಿ ಜನರೇಟರ್ ಓಡುತ್ತಿತ್ತು. ಅದರಿಂದ ಬಂದ ವಿಷಗಾಳಿ ಗಾಡಿಯ ಒಳಗೆ ಸೇರಿತ್ತು. ಆ ಗಾಳಿಯ ಹೆಸರು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ. ವಾಸನೆಯೂ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಎಚ್ಚರವಿದ್ದವರಿಗೆ ಮೊದಲು ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ ಆಗುತ್ತದೆ. ಹಾಗಾದರೆ ಕೂಡಲೇ ಹೊರಗೆ ಬರಬೇಕು. ಉಳಿದವರನ್ನೂ ಹೊರಗೆ ಎಳೆಯಬೇಕು. ಆಸ್ಪತ್ರೆಗೆ ಹೋಗಬೇಕು.

ಕಾರವಾನ್ ನಮ್ಮ ಹತ್ತಿರ ಇಲ್ಲ, ನಿಜ. ಆದರೆ ಮಳೆಗಾಲದಲ್ಲಿ ಬಾಗಿಲು ಕಿಟಕಿ ಮುಚ್ಚಿ ಕೆಂಡದ ಒಲೆ ಇಟ್ಟು ಮಲಗುವ ಮನೆಗಳಿವೆ. ಕರೆಂಟು ಹೋದರೆ ಕೋಣೆಯೊಳಗೇ ಜನರೇಟರ್ ಓಡಿಸುವ ಅಂಗಡಿಗಳಿವೆ. ಬಾಣಂತಿ ಕೋಣೆಯಲ್ಲಿ ಕೆಂಡ ಇಡುವುದೂ ಇದೆ. ಎಲ್ಲ ಕಡೆಯೂ ಅಪಾಯ ಒಂದೇ.

ಅಡುಗೆ ಗ್ಯಾಸಿನ ಗುಣ ಬೇರೆ. ಅದು ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಹಾಗಾಗಿ ಮೋಟಾರ್‌ಹೋಮಿನಲ್ಲಿ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ತೂತು ಬಿಟ್ಟಿರುತ್ತಾರೆ. ಸೋರಿದ ಗ್ಯಾಸು ಕೆಳಗಿನಿಂದ ಹೊರಗೆ ಹೋಗಲಿ ಎಂದು. ಮನೆಯಲ್ಲಿ ವಾಸನೆ ಬಂದರೆ ಸ್ವಿಚ್ಚು ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ.

ಕ್ರಿಸ್ಟೀನ್ ಇಲ್ಲದ ದಾರಿ

ಓಟ್ಟೋ ಕಥೆ ಇನ್ನೂ ಇದೆ. ಕ್ರಿಸ್ಟೀನ್ ಅವರಿಗೆ ಕ್ಯಾನ್ಸರ್ ಬಂತು. 2010ರಲ್ಲಿ ಅವರು ತೀರಿಕೊಂಡರು. ಸಾಯುವ ಕೆಲವೇ ವಾರಗಳ ಮೊದಲು ಇಬ್ಬರೂ ಮದುವೆಯಾದರು. ಇಷ್ಟು ವರ್ಷ ಜೊತೆಗೆ ಬಾಳಿದ ಮೇಲೆ! ಪ್ರಯಾಣ ನಿಲ್ಲಿಸಬೇಡಿ, ಮುಂದುವರಿಸಿ ಎಂದು ಕ್ರಿಸ್ಟೀನ್ ಕೇಳಿಕೊಂಡಿದ್ದರು.

ಹೋಲ್ಟಾರ್ಫ್ ಅವರ ಫೋಟೋವನ್ನು ಗಾಡಿಯೊಳಗೆ ತೂಗಿಸಿಕೊಂಡು ಮತ್ತೆ ಹೊರಟರು. ಕೆಲವು ಸಲ ಬೇರೆಯವರು ಜೊತೆಗಿದ್ದರು. ಹೊರಗಿನವರು ಗಾಡಿ ತೆಗೆದುಕೊಂಡು ಹೋಗಲು ಕಷ್ಟವಾದ ಉತ್ತರ ಕೊರಿಯಾದಲ್ಲೂ ಓಟ್ಟೋ ಓಡಿತು. 2014ರಲ್ಲಿ ಜರ್ಮನಿಯ ರಾಜಧಾನಿ ಬರ್ಲಿನಿಗೆ ಬಂದು ನಿಂತಾಗ ಗಾಡಿ ಓಡಿದ್ದು ಹತ್ತಿರ ಹತ್ತಿರ 9 ಲಕ್ಷ ಕಿಲೋಮೀಟರ್. ಈಗ ಓಟ್ಟೋ ಸ್ಟುಟ್‌ಗಾರ್ಟ್ ಎಂಬ ಊರಿನ ಮರ್ಸಿಡಿಸ್ ಮ್ಯೂಸಿಯಮ್ಮಿಗೆ ಸೇರಿದೆ. ಹೋಲ್ಟಾರ್ಫ್ 2021ರಲ್ಲಿ ತೀರಿಕೊಂಡರು.

ಪತ್ರಿಕೆಗಳು ಎಷ್ಟು ದೇಶ, ಎಷ್ಟು ಕಿಲೋಮೀಟರ್ ಎಂದು ದೊಡ್ಡದಾಗಿ ಬರೆದವು. ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಹಾಸಿಗೆಯ ಅರ್ಧ ಭಾಗ ಖಾಲಿಯಾದ ಮೇಲೂ ಅವರು ಬೆಳಗ್ಗೆ ಎದ್ದು ಎಂಜಿನ್ ಎಣ್ಣೆ ನೋಡಿದರು, ನೀರು ತುಂಬಿದರು, ಕಾಗದಪತ್ರ ಜೋಡಿಸಿದರು.

ಹೊಸ ಪದಗಳು

ಬಿಡಿಭಾಗ: ಯಂತ್ರದ ಬೇರೆ ಬೇರೆ ತುಂಡು, ಸ್ಪೇರ್ ಪಾರ್ಟ್
ವೀಸಾ: ಬೇರೆ ದೇಶದ ಒಳಗೆ ಬರಲು ಆ ದೇಶ ಕೊಡುವ ಒಪ್ಪಿಗೆ
ಜಾಮೀನು: ತಪ್ಪಿದರೆ ಹಣ ಕಟ್ಟುತ್ತೇವೆ ಎಂಬ ಹೊಣೆ
ಲಿಪಿ: ಒಂದು ಭಾಷೆಯನ್ನು ಬರೆಯುವ ಅಕ್ಷರಗಳು

ಲೆಕ್ಕ ಮಾಡಿ

1. ಗಾಡಿಯಲ್ಲಿ 20 ಲೀಟರಿನ ಎರಡು ಕ್ಯಾನ್ ನೀರಿದೆ. ಇಬ್ಬರು ಸೇರಿ ದಿನಕ್ಕೆ 10 ಲೀಟರ್ ಬಳಸುತ್ತಾರೆ. ಎಷ್ಟು ದಿನಕ್ಕೆ ಸಾಕು? ಒಬ್ಬ ನೆಂಟ ಬಂದು ಅವನೂ ದಿನಕ್ಕೆ 5 ಲೀಟರ್ ಬಳಸಿದರೆ?

2. 26 ವರ್ಷದಲ್ಲಿ 9 ಲಕ್ಷ ಕಿಲೋಮೀಟರ್ ಅಂದರೆ ದಿನಕ್ಕೆ ಸರಾಸರಿ 95 ಕಿಲೋಮೀಟರ್ ಆಗುತ್ತದೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ದಿನಾ ಹೋಗಿ ಬರುವ ಬಸ್ಸಿನ ಡ್ರೈವರು ಒಂದು ವಾರದಲ್ಲಿ ಎಷ್ಟು ದೂರ ಓಡಿಸುತ್ತಾರೆ?

ಬರೆಯಿರಿ

ನಿಮ್ಮ ಮನೆಯ ಸಾಮಾನುಗಳಲ್ಲಿ ಹತ್ತನ್ನು ಮಾತ್ರ ಗಾಡಿಗೆ ಹಾಕಬಹುದು ಅಂತ ಇದ್ದರೆ ಯಾವ ಹತ್ತು ಹಾಕುತ್ತೀರಿ? ಮನೆಯ ಇನ್ನೊಬ್ಬರಿಗೆ ತೋರಿಸದೆ ಪಟ್ಟಿ ಮಾಡಿ. ಅವರಿಂದಲೂ ಒಂದು ಪಟ್ಟಿ ಮಾಡಿಸಿ. ಎರಡನ್ನೂ ಕೇಂದ್ರಕ್ಕೆ ತನ್ನಿ.